ಹೊಳೆ ದಾಟಿಸಿದ ಬೆಕ್ಕು

ನಮ್ಮ ಕಡೆ ಬೆಕ್ಕಿನ ವಿಷಯದಲ್ಲಿ ಒಂದು ಮಾತು ರೂಢಿಯಲ್ಲಿದೆ. 'ದಾಟಿಸಿ ಬರೋದು' ಎಂದು. ಅಟ್ಟದ ಮೇಲೋ ಜೋಳದ ಚೀಲಗಳ ಸಂದಿಯಲ್ಲೋ ಬೆಕ್ಕು ಮರಿ ಹಾಕಿತೆನ್ನಿ. ಮರಿಗಳು ಕಣ್ಣು ಬಿಟ್ಟು ತಡವರಿಸಿ ನಡೆಯುವಷ್ಟು ದಿನ ಮನೆಯ ಹುಡುಗರಿಗೆ ಹಬ್ಬ. ಅವು ಹಾಸಿಗೆಯ ಮೇಲೆ ಹೇಸಿಗೆ ಮಾಡಿ, ಹಾಲಿನ ಬೋಗುಣಿಗೆ ಬಾಯಿ ಹಾಕಿದ ದಿನ ಹಬ್ಬ ಮುಗಿಯುತ್ತದೆ. ಕೊಲ್ಲುವ ಮಾತನ್ನು ಯಾರೂ ಎತ್ತುವುದಿಲ್ಲ. ಬೆಕ್ಕನ್ನು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಯಲ್ಲಿ ದಾನ ಕೊಡಬೇಕಾಗುತ್ತದೆ ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಈಗಿನ ಬಂಗಾರದ ದರದಲ್ಲಿ ಮಗಳ ಮದುವೆಗೇ ನಾಲ್ಕು ತೊಲ ಮಾಡಿಸುವುದು ಕಷ್ಟವಾಗಿರುವಾಗ ಬೆಕ್ಕಿಗೆಲ್ಲಿಂದ ತರೋಣ? ಆದ್ದರಿಂದ ಮನೆಯ ಗಂಡಸರ ಕೈಗೆ ಗೊಬ್ಬರದ ಖಾಲಿ ಚೀಲ ಕೊಡುತ್ತೇವೆ. ಸೇಡಂನವರು ಕಾಗಿಣಾ ಹೊಳೆಯ ಆಚೆಗೆ, ವಾಡಿಯವರು ರೈಲು ಹಳಿಯ ಆಚೆಗೆ, ಶಹಾಬಾದದವರು ಕಲ್ಲಿನ ಖಣಿಗಳ ಕಡೆಗೆ, ಚಿಂಚೋಳಿಯವರು ಅಡವಿಯ ಅಂಚಿಗೆ ಚೀಲ ಒಯ್ದು ಬಿಚ್ಚಿ ಬರುತ್ತಾರೆ. ಬಂದವರು ಕೈಕಾಲು ತೊಳೆದು ಊಟಕ್ಕೆ ಕೂಡುತ್ತಾರೆ. ಪಾಪವೂ ಬರಲಿಲ್ಲ, ಪೀಡೆಯೂ ಹೋಯಿತು. ಹೊಳೆಯ ಆಚೆ ಮುಂದೇನಾಯಿತೆಂದು ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ.

ಈ ನಾಲ್ಕೈದು ಊರುಗಳ ಬೆಕ್ಕುಗಳನ್ನು ನಾನು ಚೆನ್ನಾಗಿ ಬಲ್ಲೆ. ಅಪ್ಪ ರೈಲ್ವೆಯಲ್ಲಿದ್ದುದರಿಂದ ಹುಟ್ಟಿ ಬೆಳೆದದ್ದು ವಾಡಿಯಲ್ಲಿ. ಸಿಕಂದರಾಬಾದಿನಿಂದ ವಾಡಿಯವರೆಗೆ 1874ರಲ್ಲಿ ನಿಜಾಮರ ಕಾಲದ ರೈಲು ಬಂದಾಗಿನಿಂದ ಅದು ಜಂಕ್ಷನ್ ಊರು. ರೈಲು ಇದ್ದಲ್ಲಿ ಬುತ್ತಿ ಬಿಚ್ಚುವ ಜನ, ಬುತ್ತಿ ಬಿಚ್ಚಿದಲ್ಲಿ ಬೆಕ್ಕು. ಶಾಲೆಯ ನೌಕರಿ ಮಾಡಿದ್ದು ಚಿತ್ತಾಪುರದಲ್ಲಿ. ತಂಗಿಯನ್ನು ಕೊಟ್ಟಿದ್ದು ಶಹಾಬಾದಕ್ಕೆ. ಅಲ್ಲಿ ಕಾರ್ಖಾನೆ ಮುಚ್ಚಿ ಜನ ಊರು ಬಿಟ್ಟಾಗ ಸಾಮಾನೆಲ್ಲ ಲಾರಿ ಏರಿತು, ಬೆಕ್ಕುಗಳು ಮಾತ್ರ ಖಾಲಿ ಮನೆಗಳ ಮೆಟ್ಟಿಲ ಮೇಲೆ ಉಳಿದವು. ತವರಿನ ಹಿರಿಯರ ಮೂಲ ಚಿಂಚೋಳಿ ತಾಲೂಕು. ನಾನು ಸೊಸೆಯಾಗಿ ಬಂದು ನಿಂತದ್ದು ಸೇಡಂನಲ್ಲಿ. ಬೇಸಿಗೆಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿ ಏರುವ ಊರುಗಳು ಇವೆಲ್ಲ. ಮಧ್ಯಾಹ್ನ ಮನೆಯಲ್ಲಿ ಅತ್ಯಂತ ತಂಪಾದ ಜಾಗ ಯಾವುದೆಂದು ತಿಳಿಯಬೇಕಾದರೆ ಬೆಕ್ಕು ಎಲ್ಲಿ ಮಲಗಿದೆ ನೋಡಬೇಕು. ಬಚ್ಚಲಿನ ಪಕ್ಕದ ಒದ್ದೆ ಶಹಾಬಾದ ಕಲ್ಲಿನ ಮೇಲೆ ಅದು ನಾಲ್ಕೂ ಕಾಲು ಚಾಚಿ ಬಿದ್ದಿರುತ್ತದೆ.

ಈ ಬೆಕ್ಕುಗಳು ಯಾರವು ಎಂದು ಕೇಳಿದರೆ ಉತ್ತರವಿಲ್ಲ. ನಮ್ಮದು ತೊಗರಿಯ ನಾಡು. ನಮ್ಮ ಜಿಲ್ಲೆಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮುದ್ರೆಯೂ ಸಿಕ್ಕಿದೆ. ರಾಶಿ ಮುಗಿದ ಮೇಲೆ ಮನೆಯ ಪಡಸಾಲೆಯಲ್ಲಿ, ಅಡತಿ ಅಂಗಡಿಯಲ್ಲಿ, ದಾಲ್ ಮಿಲ್ಲಿನಲ್ಲಿ ಚೀಲಗಳು ಏರುತ್ತವೆ. ಚೀಲದ ಹಿಂದೆ ಇಲಿ, ಇಲಿಯ ಹಿಂದೆ ಬೆಕ್ಕು. ಇದು ಬಹಳ ಹಳೆಯ ಒಪ್ಪಂದ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಸಿಕ್ಕಿದೆ. ಮನುಷ್ಯ ಕಾಳು ಕೂಡಿಡಲು ಕಲಿತ ದಿನದಿಂದ ಬೆಕ್ಕು ಅವನ ಅಂಗಳಕ್ಕೆ ಬಂದಿದೆ. ಆದರೆ ಆಕಳಿನ ಹಾಗೆ ಹಗ್ಗಕ್ಕೆ ಸಿಗಲಿಲ್ಲ, ನಾಯಿಯ ಹಾಗೆ ಬಾಗಿಲಿಗೂ ಸಿಗಲಿಲ್ಲ. ಮನೆಯ ಬೆಕ್ಕು ಎನ್ನುವುದಕ್ಕಿಂತ ಓಣಿಯ ಬೆಕ್ಕು ಎನ್ನುವುದೇ ಸರಿ. ಬೆಳಿಗ್ಗೆ ನಮ್ಮಲ್ಲಿ ಹಾಲನ್ನ ತಿಂದ ಬೆಕ್ಕು ಮಧ್ಯಾಹ್ನ ಎದುರು ಮನೆಯ ಆಪಾ ಅವರಲ್ಲಿ ಮೀನಿನ ತಲೆ ತಿನ್ನುತ್ತಿತ್ತು. ನಮ್ಮದು ಮಾಂಸ ಮುಟ್ಟದ ಮನೆ. ಆಪಾ ನಗುತ್ತಿದ್ದರು: "ನಿಮ್ಮಲ್ಲಿ ಅದಕ್ಕ ಉಪವಾಸ, ನಮ್ಮಲ್ಲಿ ಪಾರಣಿ!" ಅವರ ಮಾತು ನಿಜವೆಂದು ಮುಂದೆ ಡಾಕ್ಟರರೇ ಹೇಳಿದರು. ಬೆಕ್ಕಿನ ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಎಂಬ ಸತ್ವ ಮಾಂಸದಲ್ಲೇ ಸಿಗುವುದು. ಬರೀ ಹಾಲನ್ನದ ಮೇಲೆ ಬದುಕುವ ಬೆಕ್ಕು ಕುರುಡಾಗಬಹುದು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವೂ ಆಗುವುದಿಲ್ಲವಂತೆ. ನಾವು ತಲೆಮಾರುಗಳಿಂದ ಪುಣ್ಯವೆಂದು ಹಾಕಿದ ಹಾಲು ಅದರ ಹೊಟ್ಟೆ ಕೆಡಿಸುತ್ತಿತ್ತು!

ನಮ್ಮ ಓಣಿಗೆ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು ಗಂಟು ಬಿದ್ದಿತು. ಹುಡುಗರು ಅದಕ್ಕೆ ಬೂದಿ ಎಂದೇ ಹೆಸರಿಟ್ಟರು. ಅದರ ಜೊತೆಗೆ ಒಂದು ದೊಡ್ಡ ತಲೆಯ, ಹರಿದ ಕಿವಿಯ ಗಂಡು ಬೆಕ್ಕು. ರಾತ್ರಿಯೆಲ್ಲ ಮಾಳಿಗೆಯಿಂದ ಮಾಳಿಗೆಗೆ ಗಸ್ತು ತಿರುಗುತ್ತಿತ್ತಾದ್ದರಿಂದ ಅದು ಫೌಜದಾರ. 2024ರಲ್ಲಿ ಒಂದೇ ವರ್ಷದೊಳಗೆ ಬೂದಿ ಮೂರು ಸಲ ಮರಿ ಹಾಕಿತು. ಲೆಕ್ಕ ಇಟ್ಟವಳು ನಾನು. ಒಟ್ಟು ಹನ್ನೆರಡು ಮರಿಗಳು. ಎರಡನ್ನು ನಾಯಿಗಳು ಹಿಡಿದವು. ಒಂದು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕಿತು. ಮಳೆಗಾಲದ ನಾಲ್ಕು ಮರಿಗಳು ಕಣ್ಣಿಗೆ ಕೀವು ತುಂಬಿ, ಮೂಗು ಕಟ್ಟಿ, ಒಂದರ ಹಿಂದೆ ಒಂದು ತಣ್ಣಗಾದವು. ಮೂರನ್ನು ಯಾರೋ ದಾಟಿಸಿ ಬಂದರು. ವರ್ಷದ ಕೊನೆಗೆ ಕಣ್ಣಿಗೆ ಕಾಣುವಂತೆ ಉಳಿದದ್ದು ಎರಡು.

ಇದು ನಮ್ಮ ಓಣಿಯ ದುರ್ದೈವವೆಂದು ತಿಳಿದಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ಬೀದಿಯ ಬೆಕ್ಕಿನ ಸಂಸಾರವೆಂದರೆ ಎಲ್ಲ ಕಡೆಯೂ ಹೀಗೆಯೇ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಪಶುವೈದ್ಯರು ಬೀದಿ ಬೆಕ್ಕುಗಳ 169 ಮರಿಗಳನ್ನು ಹುಟ್ಟಿನಿಂದ ಗಮನಿಸಿ 2004ರಲ್ಲಿ ವರದಿ ಬರೆದರು. ಆರು ತಿಂಗಳು ತುಂಬುವುದರೊಳಗೆ 127 ಮರಿಗಳು ಸತ್ತಿದ್ದವು, ಇಲ್ಲವೇ ಕಾಣೆಯಾಗಿದ್ದವು. ನೂರಕ್ಕೆ ಎಪ್ಪತ್ತೈದು. ಬೆಕ್ಕಿನ ಬಸಿರು ಒಂಬತ್ತು ವಾರ. ಸೂಲಿಗೆ ನಾಲ್ಕರಂತೆ ಮರಿ. ಹುಟ್ಟಿದ ಹೆಣ್ಣು ಮರಿ ಐದಾರು ತಿಂಗಳಿಗೇ ತಾನೂ ಬಸಿರಾಗಬಲ್ಲದು. ಮೊಲೆಯುಣಿಸುತ್ತಿರುವಾಗಲೇ ತಾಯಿ ಮತ್ತೆ ಬಸಿರಾಗುವುದೂ ಉಂಟು. ಇಷ್ಟು ಹೆತ್ತೂ ಊರಿನಲ್ಲಿ ಬೆಕ್ಕಿನ ಕಾಲಿಗೆ ಬೆಕ್ಕು ತಾಗದೆ ಇರುವುದು ಯಾತರಿಂದ ಎಂಬುದಕ್ಕೆ ಆ ನೂರಕ್ಕೆ ಎಪ್ಪತ್ತೈದೇ ಉತ್ತರ. ಲೆಕ್ಕ ಸರಿದೂಗಿಸುವ ಕೆಲಸವನ್ನು ನಾಯಿ, ಗಾಲಿ, ರೋಗ, ಹಸಿವೆ ಮತ್ತು ನಮ್ಮ ಗೊಬ್ಬರದ ಚೀಲ ಕೂಡಿ ಮಾಡುತ್ತಿದ್ದವು.

ಆ ವರ್ಷ ದೀಪಾವಳಿ ಮುಗಿದ ಮೇಲೆ ಓಣಿಯಲ್ಲಿ ಅಸಮಾಧಾನ ಎದ್ದಿತು. ಫೌಜದಾರ ಎಲ್ಲರ ಬಾಗಿಲಿಗೂ ಉಚ್ಚೆ ಹೊಯ್ದು ತನ್ನ ಸರಹದ್ದು ಗುರುತು ಮಾಡುತ್ತಿದ್ದ. ರಾತ್ರಿ ಜಗಳದ ಕೂಗಿಗೆ ಕೂಸುಗಳು ಬೆಚ್ಚಿ ಏಳುತ್ತಿದ್ದವು. ಮೂಲೆಮನೆಯ ಕಾಕುವಿನ ಮಗಳು ಬಾಣಂತನಕ್ಕೆಂದು ಬಸಿರಿಯಾಗಿ ಬಂದಿದ್ದಳು. ಬೆಕ್ಕು ಮನೆಯಲ್ಲಿದ್ದರೆ ಬಸಿರಿಗೆ ಕೇಡೆಂದು ಅವರಿಗೆ ಯಾರೋ ಹೇಳಿದ್ದರು. ಹಿಂದಿನ ಗೋದಾಮಿನವರು ಇಲಿಗೆ ಪಾಷಾಣ ಇಡುವ ವಿಚಾರದಲ್ಲಿದ್ದರು. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಬೆಕ್ಕಿಗೂ ಅದೇ ಗತಿ. "ಅದಕ್ಕ ನಾವೇನ್ ಮಾಡೋದದ ವೈನಿ, ಅದರ ಹಣಿಬಾರ" ಎಂದರು ಅವರು. ಒಬ್ಬ ಹುಡುಗ ಬೇರೆ ಉಪಾಯ ಹೇಳಿದ. ಅವನಿಗೆ ಟಂಟಂ ಗಾಡಿ ಇತ್ತು. "ಎಲ್ಲಾ ಹಿಡದು ಕೊಡ್ರಿ. ಚಂದ್ರಂಪಳ್ಳಿ ಡ್ಯಾಮಿನ ಕಡಿ ಅಡವ್ಯಾಗ ಬಿಟ್ ಬರ್ತೀನಿ. ಅಲ್ಲಿ ನೀರದ, ಇಲಿ ಅದಾವ, ಆರಾಮ ಇರ್ತಾವ."

ಅಡವಿಯಲ್ಲಿ ಬೆಕ್ಕು ಆರಾಮಾಗಿರುತ್ತದೆಂಬುದು ನಮ್ಮ ಮನಸ್ಸಿನ ಸಮಾಧಾನಕ್ಕೆ ಹೇಳಿಕೊಳ್ಳುವ ಕಥೆ. ಓಣಿಯಲ್ಲಿ ಹುಟ್ಟಿದ ಬೆಕ್ಕಿಗೆ ಓಣಿಯ ಸಂದಿಗೊಂದಿ ಗೊತ್ತು. ಯಾವ ಗೋಡೆ ಹತ್ತಿದರೆ ನಾಯಿ ಬರುವುದಿಲ್ಲ, ಯಾವ ಮನೆಯ ತೊಟ್ಟಿಯಲ್ಲಿ ನೀರಿದೆ ಎಂಬುದು ಗೊತ್ತು. ಹೊಸ ಜಾಗದಲ್ಲಿ ಅದು ಮೊದಲು ನೀರಿಲ್ಲದೆ, ಆಮೇಲೆ ಅನ್ನವಿಲ್ಲದೆ ಅಲೆಯುತ್ತದೆ. ಅಲ್ಲಿನ ಬೆಕ್ಕುಗಳು ಅಟ್ಟಿಸುತ್ತವೆ. ಕೆಲವು ನಮ್ಮ ಮನೆ ಹುಡುಕಿಕೊಂಡು ತಿರುಗಿ ಹೊರಟು ರಸ್ತೆಯಲ್ಲಿ ಸಾಯುತ್ತವೆ. ಚಿಂಚೋಳಿಯ ಅಡವಿಯನ್ನು ಸರ್ಕಾರ 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಿದೆ. ಊರಬೆಕ್ಕು ಬದುಕಿಕೊಂಡರೆ ಅಲ್ಲಿಯ ಹಕ್ಕಿಗಳಿಗೆ ಕೇಡು. ಊರಿನ ರೋಗ ಕಾಡುಬೆಕ್ಕಿಗೆ ಅಂಟುವ ಭಯ ಬೇರೆ. ಸತ್ತರೆ ಬೆಕ್ಕಿಗೆ ಕೇಡು. ಎರಡರಲ್ಲಿ ಯಾವುದೂ ಆರಾಮವಲ್ಲ.

ಇನ್ನೊಂದು ವಿಷಯ ನಮ್ಮ ಓಣಿಯ ಯಾರಿಗೂ ಗೊತ್ತಿರಲಿಲ್ಲ. ಹಸಿವೆಯಿಂದಲೋ ನೀರಡಿಕೆಯಿಂದಲೋ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆಯ ಹಿಂದೆ ಒಬ್ಬ ಹೆಣ್ಣುಮಗಳ ಹಟವಿದೆ. ನೃತ್ಯಕ್ಕಾಗಿ ಎಲ್ಲರೂ ಬಲ್ಲ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ಹೋದರು. ಅಲ್ಲಿ ಪ್ರಾಣಿಗಳ ಪರವಾಗಿ ಖಾಸಗಿ ಮಸೂದೆ ತಂದರು. ಆಮೇಲೆ ಸರ್ಕಾರವೇ ಕಾಯ್ದೆ ಮಾಡಿತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆದಾಗ ಅವರೇ ಮೊದಲ ಅಧ್ಯಕ್ಷೆ. ಮೊದಲ ತಪ್ಪಿಗೆ ಕಾಯ್ದೆಯಲ್ಲಿ ಬರೆದ ದಂಡ ಮಾತ್ರ ಹತ್ತರಿಂದ ಐವತ್ತು ರೂಪಾಯಿ. ಇದನ್ನು ಹೇಳಿದಾಗ ಟಂಟಂ ಹುಡುಗ ನಕ್ಕುಬಿಟ್ಟ. "ಡೀಸೆಲ್ಲಿಗೇ ಅದಕಿಂತ ಜಾಸ್ತಿ ಆಗ್ತದರಿ." ಕಾನೂನಿನ ಹೆದರಿಕೆಯಿಂದ ಕೆಲಸವಾಗುವುದಿಲ್ಲವೆಂದು ನನಗೂ ಅನಿಸಿತು.

ಉಪಾಯ ಹೊಸದೇನೂ ಆಗಿರಲಿಲ್ಲ. ಬೆಕ್ಕನ್ನು ಹಿಡಿಯುವುದು, ಮರಿಯಾಗದಂತೆ ಆಪರೇಷನ್ ಮಾಡಿಸುವುದು, ಹುಚ್ಚುರೋಗದ ಚುಚ್ಚುಮದ್ದು ಹಾಕಿಸುವುದು, ಗುರುತಿಗಾಗಿ ಕಿವಿಯ ತುದಿ ಸ್ವಲ್ಪ ಕತ್ತರಿಸುವುದು, ಮತ್ತೆ ಹಿಡಿದಲ್ಲಿಯೇ ತಂದು ಬಿಡುವುದು. ಚೆನ್ನೈಯ ಬ್ಲೂ ಕ್ರಾಸ್ ಸಂಸ್ಥೆ 1964ರಿಂದ ನಾಯಿಗಳಿಗೆ ಈ ಕೆಲಸ ಮಾಡುತ್ತ ಬಂದಿತು. ಬೆಂಗಳೂರಿನಲ್ಲಿ ಕ್ರಿಸ್ಟಲ್ ರಾಜರ್ಸ್ ಎಂಬ ಇಂಗ್ಲಿಷ್ ಹೆಣ್ಣುಮಗಳು ತಮ್ಮ ಇಳಿವಯಸ್ಸಿನಲ್ಲಿ, 1991ರಲ್ಲಿ, ಕ್ಯೂಪಾ ಸಂಸ್ಥೆಯನ್ನು ಕಟ್ಟಿದರು. ಕೇಂದ್ರ ಸರ್ಕಾರ 2001ರಲ್ಲಿ ನಿಯಮ ಮಾಡಿದಾಗ ಅದರ ಹೆಸರಿನಲ್ಲೇ ನಾಯಿಗಳದು ಎಂದಿತ್ತು. 2023ರ ಹೊಸ ನಿಯಮದ ಹೆಸರಿನಿಂದ ನಾಯಿ ಎಂಬ ಶಬ್ದ ಹೋಗಿ ಬರೀ ಪ್ರಾಣಿ ಎಂದಾಯಿತು. ಬೆಕ್ಕಿಗೂ ಒಂದಿಷ್ಟು ಜಾಗ ಸಿಕ್ಕಿತೆನ್ನಿ. ಆದರೆ ದೊಡ್ಡ ಊರುಗಳ ಮಾತು ಬೇರೆ. ನಮ್ಮಂಥ ತಾಲೂಕಿನ ಊರಿನಲ್ಲಿ ಪಶುವೈದ್ಯರೆಂದರೆ ಎಮ್ಮೆ, ಆಕಳು, ಕುರಿ. ನಾನು ವಿಚಾರಿಸಿದ ಡಾಕ್ಟರರು ಒಳ್ಳೆಯವರೇ. "ಟೀಚರ್ರೀ, ಬೆಕ್ಕಿನ ಆಪರೇಷನ್ ನಾ ಕಲ್ತೀನಿ. ಆದರ ಇಲ್ಲಿ ಅದಕ್ಕ ಬೇಕಾದ ಟೇಬಲ್ ಇಲ್ಲ, ಅರವಳಿಕೆ ಸಾಮಾನಿಲ್ಲ. ಕಲಬುರಗಿಗಿ ಒಯ್ಯಿರಿ" ಎಂದು ಒಬ್ಬ ಖಾಸಗಿ ವೈದ್ಯರ ವಿಳಾಸ ಬರೆದುಕೊಟ್ಟರು.

ವಿಳಾಸ ಸಿಕ್ಕರೂ ಓಣಿಯ ಹೆಂಗಸರು ಸಿಗಲಿಲ್ಲ. ನಮ್ಮ ಕಟ್ಟೆಯ ಮೇಲೆ ಕೂತು ಮಾತು ತೆಗೆದಾಗ ಮೊದಲು ನಗೆ ಎದ್ದಿತು. ಆಮೇಲೆ ಒಬ್ಬಳು ಕೇಳಿದ ಪ್ರಶ್ನೆಗೆ ಎಲ್ಲರೂ ಸುಮ್ಮನಾದರು. "ನಮಗೂ ಆಪರೇಷನ್, ಹೆಣ್ಣ ಬೆಕ್ಕಿಗೂ ಆಪರೇಷನ್. ಗಂಡಸೂರಿಗಿ ಯಾವಾಗರಿ?"

ಆಪರೇಷನ್ ಎಂದರೆ ಏನೆಂದು ನಮ್ಮ ಕಡೆಯ ಹೆಂಗಸಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೂತ ಎಂಟು ಜನರಲ್ಲಿ ಆರು ಜನಕ್ಕೆ ಆಗಿತ್ತು, ನನ್ನನ್ನೂ ಹಿಡಿದು. ನನ್ನ ಎರಡನೆಯ ಹೆರಿಗೆಯ ಮೇಲೆ ಹೊಲಿಗೆ ಒಣಗುವ ಮೊದಲೇ ಕೊಡ ಹೊತ್ತದ್ದು ನೆನಪಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಜನ ಸ್ವತಃ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡ ಮಾಡಿಸಿಕೊಂಡದ್ದು ನೂರಕ್ಕೆ 0.3. ಅಂದರೆ ಸಾವಿರಕ್ಕೆ ಮೂವರು. ಈ ಲೆಕ್ಕ ಹೊಟ್ಟೆಯ ಮೇಲೆಯೇ ಬರೆದುಕೊಂಡವರ ಮುಂದೆ ಬೂದಿಯ ಹೊಟ್ಟೆಯನ್ನು ಕೊಯ್ಯಿಸುವ ಮಾತು ಸುಲಭದ್ದಾಗಿರಲಿಲ್ಲ.

ನಾನು ಆ ಪ್ರಶ್ನೆಯನ್ನು ಹಾಗೆಯೇ ಕಲಬುರಗಿಯ ಡಾಕ್ಟರರಿಗೆ ಫೋನಿನಲ್ಲಿ ಕೇಳಿದೆ. ಅವರು ನಗಲಿಲ್ಲ. ಗಂಡು ಬೆಕ್ಕಿನ ಆಪರೇಷನ್ ಸಣ್ಣದು, ಹೊಟ್ಟೆ ಕೊಯ್ಯುವುದಿಲ್ಲ, ಖರ್ಚೂ ಕಡಿಮೆ ಎಂದರು. ಮಾಡಿಸಿದರೆ ಜಗಳ, ಕೂಗು, ಬಾಗಿಲಿಗೆ ಉಚ್ಚೆ ಹೊಯ್ಯುವುದು ಬಹುಮಟ್ಟಿಗೆ ಇಳಿಯುತ್ತದೆ. ಆದರೆ ಓಣಿಯ ಒಂಬತ್ತು ಗಂಡು ಬೆಕ್ಕಿಗೆ ಮಾಡಿಸಿ ಒಂದನ್ನು ಬಿಟ್ಟರೂ ಆ ಒಂದು ಎಲ್ಲ ಹೆಣ್ಣುಗಳಿಗೂ ಸಾಕು. ಒಂದು ಹೆಣ್ಣಿಗೆ ಮಾಡಿಸಿದರೆ ಅದರ ಮರಿಗಳು ಖಂಡಿತವಾಗಿ ನಿಂತವು. "ಎರಡಕ್ಕೂ ಮಾಡಸ್ರಿ. ಹೆಣ್ಣಿಗಿ ಬಿಟ್ಟು ಗಂಡಿಗಷ್ಟೇ ಮಾಡಿದರ ಉಪಯೋಗಿಲ್ಲ" ಎಂದರು. ಇದನ್ನು ಕಟ್ಟೆಗೆ ತಂದು ಒಪ್ಪಿಸಿದೆ. "ಹಂಗಿದ್ರ ಫೌಜದಾರಗೂ ಹಿಡೀರಿ, ಅವನಿಗಿ ಬಿಟ್ರ ನಾ ಒಪ್ಪಂಗಿಲ್ಲ" ಎಂದಳು ಪ್ರಶ್ನೆ ಕೇಳಿದವಳು. ಅಲ್ಲಿಗೆ ಒಪ್ಪಂದವಾಯಿತು.

ಉಳಿದವರು ನಮ್ಮ ಅತ್ತೆ. ಎಂಬತ್ತು ದಾಟಿದ ಜೀವ. "ತಾಯಿತನ ಕಸಗೊಳ್ಳೋದು ನಿಮಗ ಬಂದದೇನು? ದೇವರು ಕೊಟ್ಟದ್ದು ದೇವರು ನೋಡ್ಕೋತಾನ" ಎಂದು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನೂ ವಾದ ಮಾಡಲಿಲ್ಲ. ಅವರ ಮಾತಿನಲ್ಲಿ ತೂಕವಿತ್ತು. ನಮ್ಮನ್ನು ಯಾರಾದರೂ ಒಂದು ಮಾತು ಕೇಳಿರಬಹುದು, ಒಂದು ಕಾಗದಕ್ಕೆ ಹೆಬ್ಬೆಟ್ಟನ್ನಾದರೂ ಒತ್ತಿಸಿಕೊಂಡಿರಬಹುದು. ಬೆಕ್ಕನ್ನು ಕೇಳುವವರು ಯಾರು? ಕೇಳಲಾಗದ ಜೀವದ ಮೇಲೆ ಕತ್ತರಿ ಇಡುವ ಅಧಿಕಾರ ಎಲ್ಲಿಂದ ಬಂತು?

ಮೂರನೆಯ ದಿನ ಬಾವಿಯ ಪಕ್ಕದ ಕಟ್ಟಿಗೆ ರಾಶಿಯಲ್ಲಿ ಬೂದಿ ಮತ್ತೆ ಮರಿಯೊಂದನ್ನು ಬಾಯಲ್ಲಿ ಕಚ್ಚಿ ತಂದು ನೆಲದ ಮೇಲಿಟ್ಟು ನೆಕ್ಕುತ್ತಿತ್ತು. ಮೂರನೆಯ ಸೂಲಿನ ಮರಿ. ಅದು ಅಲುಗುತ್ತಿರಲಿಲ್ಲ. ಬೂದಿ ನೆಕ್ಕುವುದನ್ನು ಬಿಡಲಿಲ್ಲ. ಅತ್ತೆ ಕೋಲೂರಿಕೊಂಡು ಹೋಗಿ ನೋಡಿದರು, ಬಹಳ ಹೊತ್ತು ಅಲ್ಲಿಯೇ ನಿಂತರು. ನಮ್ಮ ಅತ್ತೆ ಒಂಬತ್ತು ಹೆತ್ತವರು. ಬದುಕಿದ್ದು ನಾಲ್ಕು. ಉಳಿದ ಐವರ ಹೆಸರನ್ನು ಅವರು ಹೇಳಿದ್ದನ್ನು ನಾನು ಈ ಮನೆಗೆ ಬಂದ ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. ಆ ರಾತ್ರಿ ಕಾಲು ಒತ್ತುತ್ತಿದ್ದಾಗ ಒಂದೊಂದಾಗಿ ಹೇಳಿದರು. ಒಬ್ಬಳು ಹುಡುಗಿ ನಡೆಯಲು ಕಲಿತಿದ್ದಳಂತೆ. ಆಮೇಲೆ "ಯಾವಾಗ ಒಯ್ಯೋದದ?" ಎಂದು ಕೇಳಿದರು. ಬೆಳಿಗ್ಗೆ ನೋಡಿದರೆ ಬುಟ್ಟಿಯಲ್ಲಿ ಅವರ ಹಳೆಯ ಇಳಕಲ್ ಸೀರೆಯ ತುಂಡು ನಾಲ್ಕು ಮಡಿಕೆಯಾಗಿ ಹಾಸಿತ್ತು.

ಮರಿಗಳು ತಾವಾಗಿ ತಿನ್ನುವವರೆಗೆ ಕಾದೆವು. ನಾಲ್ಕರಲ್ಲಿ ಎರಡು ಉಳಿದವು. ಬೆಕ್ಕು ಹಿಡಿಯುವ ಪಂಜರವನ್ನು ವೆಲ್ಡಿಂಗ್ ಅಂಗಡಿಯವನು ಇಲಿಯ ಬೋನನ್ನೇ ದೊಡ್ಡದು ಮಾಡಿದ ಹಾಗೆ ಮಾಡಿಕೊಟ್ಟ. ಒಳಗೆ ಆಪಾ ಕೊಟ್ಟ ಮೀನು. ಬೂದಿ ಅರ್ಧ ತಾಸಿನಲ್ಲಿ ಸಿಕ್ಕಿತು. ಫೌಜದಾರ ಮೂರು ರಾತ್ರಿ ನಮ್ಮನ್ನು ಕಾಯಿಸಿ ನಾಲ್ಕನೆಯ ರಾತ್ರಿ ಬಿದ್ದ. ಪಂಜರದ ಮೇಲೆ ಬಟ್ಟೆ ಹೊದಿಸಿದರೆ ಕತ್ತಲಲ್ಲಿ ಬೆಕ್ಕು ಸುಮ್ಮನಿರುತ್ತದೆ. ಇದು ನಾನು ಕಲಿತ ಮೊದಲ ಪಾಠ. ಬೂದಿ ಓಣಿಯವರ ಕೈಗೆ ಒಗ್ಗಿದ ಬೆಕ್ಕಾದ್ದರಿಂದ ಅದನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು ಆಪಾ ಮತ್ತು ನಾನು ಕಲಬುರಗಿಯ ಬಸ್ಸು ಹತ್ತಿದೆವು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೀಟಿಲ್ಲವಲ್ಲ, ಕಂಡಕ್ಟರು ನಮಗಿಬ್ಬರಿಗೆ ಸೊನ್ನೆ ಟಿಕೀಟು ಹರಿದುಕೊಟ್ಟು ಬುಟ್ಟಿಯ ಕಡೆ ನೋಡಿದ.

"ಒಳಗೇನದರಿ?"

"ಬೆಕ್ಕು. ಅದೂ ಹೆಣ್ಣೇ ಅದ" ಎಂದರು ಆಪಾ.

"ಶಕ್ತಿ ಯೋಜನೆ ಬೆಕ್ಕಿಗಿಲ್ಲರಿ ಆಪಾ. ಲಗೇಜ್ ಆಗ್ತದ" ಎಂದು ಟಿಕೀಟು ಕೊಟ್ಟೇ ಬಿಟ್ಟ. ಮಳಖೇಡ ಬರುವಷ್ಟರಲ್ಲಿ ಇಡೀ ಬಸ್ಸಿಗೆ ವಿಷಯ ಗೊತ್ತಾಗಿತ್ತು. ಹಿಂದಿನ ಸೀಟಿನ ಮುದುಕಿಯೊಬ್ಬಳು ಎದ್ದು ಬಂದು ಬುಟ್ಟಿಯೊಳಗೆ ಇಣುಕಿ, "ಚಲೋ ಮಾಡ್ತೀರಿ ತಾಯಿ, ಹೆತ್ತು ಹೆತ್ತು ಸಣ್ಣ ಆಗ್ಯಾದ ನೋಡ್ರಿ" ಎಂದಳು.

ಬೂದಿಯನ್ನು ಮೂರು ದಿನ ಬಚ್ಚಲ ಪಕ್ಕದ ಕೋಣೆಯಲ್ಲಿಟ್ಟುಕೊಂಡು ಬಿಟ್ಟೆವು. ಎಡಗಿವಿಯ ತುದಿ ನೇರವಾಗಿ ಕತ್ತರಿಸಿದ್ದರು, ಅರವಳಿಕೆಯಲ್ಲಿರುವಾಗಲೇ. ದೂರದಿಂದ ನೋಡಿದರೂ ಆಪರೇಷನ್ ಆದ ಬೆಕ್ಕೆಂದು ತಿಳಿಯಲಿ, ಮತ್ತೊಮ್ಮೆ ಹಿಡಿದು ಕೊಯ್ಯದಿರಲಿ ಎಂದು. ಅತ್ತೆ ಕಿವಿ ನೋಡಿ, "ಕಿವಿ ಚುಚ್ಚಸ್ಯಾರ, ಇನ್ನ ಬೆಂಡೋಲೆ ಒಂದು ಬಾಕಿ ಅದ" ಎಂದರು. ಅವರು ನಕ್ಕಿದ್ದನ್ನು ನೋಡಿ ನನ್ನ ಎದೆಯ ಭಾರ ಇಳಿಯಿತು. ಇಬ್ಬರ ಆಪರೇಷನ್, ಔಷಧ, ಚುಚ್ಚುಮದ್ದು ಎಲ್ಲ ಸೇರಿ ಐದು ಸಾವಿರದ ಹತ್ತಿರ ಬಂತು. ಅರ್ಧ ನಾನು ಹಾಕಿದೆ. ಉಳಿದದ್ದು ಓಣಿಯ ಮನೆಗಳಿಂದ ಬಂತು. ಗೋದಾಮಿನವರೂ ಕೊಟ್ಟರು. ಪಾಷಾಣದ ಬದಲು ಚೀಲಗಳನ್ನು ನೆಲದಿಂದ ಮೇಲೆ ಹಲಗೆಯ ಮೇಲೆ ಏರಿಸಿ ಸಂದಿ ಮುಚ್ಚಿಸಿದರು. "ಇಲಿ ಹಿಡಿಯೋ ಬೆಕ್ಕಿಗಿ ನಾ ಯಾಕ ಸಾಯ್ಸಲಿ" ಎಂದು ಈಗ ಅವರೇ ಹೇಳುತ್ತಾರೆ.

ಆದರೂ ಟಂಟಂ ಹುಡುಗ ಕೇಳಿದ ಮಾತಿಗೆ ಉತ್ತರ ಕೊಡಬೇಕು. "ಇಷ್ಟು ಖರ್ಚು ಮಾಡಿ ಮತ್ತ ಇಲ್ಲೇ ಯಾಕ ಬಿಟ್ರಿ?" ಉತ್ತರ ಇದು. ನಮ್ಮ ಓಣಿಯಲ್ಲಿ ಇಲಿಯಿದೆ, ಚೆಲ್ಲಿದ ಅನ್ನವಿದೆ, ಮಲಗಲು ಮಾಳಿಗೆಯಿದೆ. ಇರುವ ಬೆಕ್ಕನ್ನು ತೆಗೆದರೆ ಆ ಜಾಗಕ್ಕೆ ಪಕ್ಕದ ಓಣಿಯ ಬೆಕ್ಕು ಬಂದು ಮತ್ತೆ ಮರಿ ಹಾಕುತ್ತದೆ. ಆಪರೇಷನ್ ಆದ ಬೆಕ್ಕು ತನ್ನ ಜಾಗದಲ್ಲಿ ತಾನಿದ್ದು ಇಲಿ ಹಿಡಿಯುತ್ತದೆ, ಮರಿ ಹಾಕುವುದಿಲ್ಲ. ಅಮೆರಿಕದ ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ 1991ರಿಂದ ಹನ್ನೊಂದು ವರ್ಷ ಹೀಗೆ ಮಾಡಿ ಲೆಕ್ಕ ಇಟ್ಟರು. ಅಲ್ಲಿ 68 ಬೆಕ್ಕುಗಳಿದ್ದದ್ದು 23ಕ್ಕೆ ಇಳಿಯಿತು. ಸಾಕುವವರ ಮನೆಗೆ ಕೊಟ್ಟ ಬೆಕ್ಕುಗಳೂ ಅದರಲ್ಲಿ ಬಹಳ ಇದ್ದವು. ಹೊಸದಾಗಿ ಬಂದ ಬೆಕ್ಕನ್ನು ಬಂದ ಕೂಡಲೇ ಹಿಡಿದು ಮಾಡಿಸಿದ್ದರಿಂದಲೇ ಅದು ಸಾಧ್ಯವಾಯಿತು. ಒಂದೆರಡಕ್ಕೆ ಮಾಡಿಸಿ ಕೈತೊಳೆದುಕೊಂಡರೆ ಲೆಕ್ಕ ಮತ್ತೆ ಮೊದಲಿಗೇ ಬರುತ್ತದೆ. ನಮ್ಮ ಓಣಿಯಲ್ಲಿ ಈವರೆಗೆ ಏಳು ಬೆಕ್ಕುಗಳಿಗೆ ಆಗಿದೆ. ಬೂದಿಯ ಉಳಿದ ಎರಡು ಮರಿಗಳಲ್ಲಿ ಒಂದನ್ನು ಚಿತ್ತಾಪುರದ ನನ್ನ ಹಳೆಯ ವಿದ್ಯಾರ್ಥಿನಿ ಒಯ್ದಳು. ಆರನೆಯ ತಿಂಗಳಿಗೆ ಆಪರೇಷನ್ ಮಾಡಿಸುವ ಮಾತು ತೆಗೆದುಕೊಂಡೇ ಕೊಟ್ಟೆ.

ಮೂಲೆಮನೆಯ ಕಾಕುವಿನ ಬಸಿರಿ ಮಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ಈ ಹೆದರಿಕೆ ಪ್ರತಿ ಮನೆಯಲ್ಲಿದೆ. ಬೆಕ್ಕಿನ ಹೇಸಿಗೆಯಿಂದ ಟಾಕ್ಸೋಪ್ಲಾಸ್ಮಾ ಎಂಬ ರೋಗಾಣು ಬರಬಹುದು, ಅದು ಹೊಟ್ಟೆಯಲ್ಲಿಯ ಕೂಸಿಗೆ ಕೇಡು ಎಂಬುದು ಸುಳ್ಳಲ್ಲ. ಆದರೆ ಬೆಕ್ಕಿನ ಮೈ ಮುಟ್ಟಿದ ಮಾತ್ರಕ್ಕೆ ಬರುವುದು ಅಪರೂಪ. ಹೇಸಿಗೆ ಬಿದ್ದ ಮೇಲೆ ಅದರೊಳಗಿನ ರೋಗಾಣು ಅಂಟುವ ಸ್ಥಿತಿಗೆ ಬರಲು ಕನಿಷ್ಠ ಒಂದು ದಿನ ಬೇಕು. ದಿನಾ ತೆಗೆದರೆ, ಅದನ್ನು ಬಸಿರಿಯ ಬದಲು ಬೇರೆಯವರು ತೆಗೆದರೆ, ಮಣ್ಣಿನ ಕೆಲಸ ಮಾಡಿ ಕೈ ತೊಳೆದರೆ, ಕಾಯಿಪಲ್ಲೆ ಚೆನ್ನಾಗಿ ತೊಳೆದರೆ, ಮಾಂಸ ತಿನ್ನುವವರು ಪೂರ್ತಿ ಬೇಯಿಸಿ ತಿಂದರೆ ಭಯವಿಲ್ಲ. ಬೆಕ್ಕು ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಅರಿಶಿನ ಹಚ್ಚಿ ಸುಮ್ಮನಿರಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ಹುಚ್ಚುರೋಗ ಬೆಕ್ಕಿನಿಂದಲೂ ಬರುತ್ತದೆ. ಹಾಗೆಯೇ ಬೆಕ್ಕಿಗೆ ಜ್ವರ ಬಂದಿದೆಯೆಂದು ನಮ್ಮ ಪ್ಯಾರಾಸಿಟಮಾಲ್ ಗುಳಿಗೆ ಕೊಡಬೇಡಿ. ನಮಗೆ ಔಷಧವಾದದ್ದು ಬೆಕ್ಕಿಗೆ ವಿಷ. ಕಾಕುವಿನ ಮಗಳು ಗಂಡು ಹೆತ್ತಳು. ತಾಯಿ ಮಗು ಆರಾಮಾಗಿದ್ದಾರೆ. ಬೂದಿ ಅವರ ಕಿಟಕಿಯಲ್ಲೇ ಮಲಗುತ್ತದೆ.

ಅತ್ತೆ ಎತ್ತಿದ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮೂಕಜೀವದ ಬದುಕಿನ ಬಗ್ಗೆ ಅದನ್ನು ಕೇಳದೆ ನಿರ್ಣಯ ಮಾಡಿದ್ದೇವೆ, ನಿಜ. ಆದರೆ ಚೀಲದಲ್ಲಿ ಕಟ್ಟಿ ಹೊಳೆ ದಾಟಿಸಿದಾಗಲೂ ಅದನ್ನು ಕೇಳಿರಲಿಲ್ಲ. ಹಾಲನ್ನ ಹಾಕಿ ಓಣಿಯಲ್ಲಿ ಉಳಿಸಿಕೊಂಡಾಗಲೂ ಕೇಳಿರಲಿಲ್ಲ. ನಿರ್ಣಯ ಮಾಡಿದವರು ಮುಂದಿನದನ್ನೂ ನೋಡಬೇಕು ಎಂಬುದಷ್ಟೇ ನನಗೆ ತಿಳಿದದ್ದು. ದಾಟಿಸಿ ಬಂದವರಿಗೆ ಮುಂದಿನದು ಕಾಣುವುದಿಲ್ಲ. ಆಪರೇಷನ್ ಮಾಡಿಸಿ ತಂದು ಬಿಟ್ಟವರ ಕಣ್ಣೆದುರಿಗೆ ಆ ಬೆಕ್ಕು ದಿನಾ ಬರುತ್ತದೆ. ಅದರ ಗಾಯ ಒಣಗಿತೇ, ಬೇಸಿಗೆಯಲ್ಲಿ ನೀರಿದೆಯೇ, ವರ್ಷಕ್ಕೊಮ್ಮೆ ಚುಚ್ಚುಮದ್ದಾಯಿತೇ ಎಂದು ವಿಚಾರಿಸಲೇಬೇಕಾಗುತ್ತದೆ. ನಮಗೆ ಆಪರೇಷನ್ ಮಾಡಿ ಕಳಿಸಿದವರು ಹಾಗೆ ಒಂದು ದಿನ ಬಂದು ವಿಚಾರಿಸಿದ್ದರೆ ಎಂದು ಕಟ್ಟೆಯ ಮೇಲೆ ಕೂತ ಹೆಂಗಸರು ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ.

ಮೊನ್ನೆ ಶಹಾಬಾದದಿಂದ ತಂಗಿ ಫೋನು ಮಾಡಿದ್ದಳು. ಅವಳ ಮನೆಯ ಹಿಂದಿನ ಖಾಲಿ ಕ್ವಾರ್ಟರ್ಸಿನಲ್ಲಿ ಹನ್ನೊಂದು ಬೆಕ್ಕುಗಳಿವೆಯಂತೆ, ಅದರಲ್ಲಿ ಆರು ಹೆಣ್ಣು. "ಅಕ್ಕಾ, ನಿಮ್ಮ ಪಂಜರ ಒಂದ್ ತಿಂಗಳ ಮಟ್ಟಿಗಿ ಕೊಡ್ತೀಯೇನ?" ಎಂದು ಕೇಳಿದಳು. ವಾಡಿಯ ರೈಲಿನಲ್ಲಿ ಹೋಗುವ ಆಪಾ ಅವರ ಮಗನ ಕೈಯಲ್ಲಿ ನಾಳೆ ಕಳಿಸುತ್ತಿದ್ದೇನೆ. ಜೊತೆಗೆ ಅತ್ತೆ ಇನ್ನೊಂದು ಹಳೆಯ ಸೀರೆಯನ್ನು ಆರು ತುಂಡು ಮಾಡಿ ಕೊಟ್ಟಿದ್ದಾರೆ.